ಉನ್ನತ ಆಯಾಮಗಳ ಆಕಾರಗಳ ವರ್ಗೀಕರಣ ಮತ್ತು ಬೆಂಗಳೂರಿನ ರಾಮಾನುಜಂ

ರಾಮಾನುಜನ್ ಎಂಬ ಹೆಸರನ್ನು ಕೇಳಿದೊಡನೆ ನಮಗೆಲ್ಲ ಕುಂಭಕೋಣದ ಶ್ರೀನಿವಾಸ ರಾಮಾನುಜನ್ ಅವರೇ ನೆನಪಾಗುತ್ತಾರೆ. ಅದೇ ಹೆಸರಿನ ಮತ್ತೊಬ್ಬ ಮೇಧಾವಿ ನಮ್ಮ ಬೆಂಗಳೂರಿನಲ್ಲಿ ಬಾಳಿನ ಕೊನೆಯ ದಿನಗಳನ್ನು ಕಳೆದು, 1974ರಲ್ಲಿ, ಮೂವತ್ತಾರನೆಯ ವಯಸ್ಸಿನಲ್ಲಿ ಕಣ್ಮರೆಯಾದರೆಂಬುದು ಬಹುಮಂದಿ ಕನ್ನಡಿಗರಿಗೆ ತಿಳಿದಿಲ್ಲ. ಅವರೇ ಚಕ್ರವರ್ತಿ ಪದ್ಮನಾಭನ್ ರಾಮಾನುಜಂ; ಗಣಿತಲೋಕದಲ್ಲಿ ಸಿ. ಪಿ. ರಾಮಾನುಜಂ. ಅವರು ದುಡಿದ ಕ್ಷೇತ್ರ ಬೀಜಗಣಿತೀಯ ಜ್ಯಾಮಿತಿ. ಉನ್ನತ ಆಯಾಮಗಳ ಆಕಾರಗಳನ್ನು ಹೇಗೆ ಗುರುತಿಸಬೇಕು, ಹೇಗೆ ವಿಂಗಡಿಸಬೇಕು ಎಂಬ ದೊಡ್ಡ ಪ್ರಶ್ನೆಗೆ ಅವರ ಎರಡು ಪ್ರಬಂಧಗಳು ಇಂದಿಗೂ ಅಡಿಗಲ್ಲುಗಳಾಗಿವೆ. ಆ ಪ್ರಶ್ನೆಯನ್ನು ಮನೆಮಂದಿಯೆಲ್ಲ ಓದಬಹುದಾದ ಕನ್ನಡದಲ್ಲಿ ಪರಿಚಯಿಸುವುದು ಈ ಲೇಖನದ ಉದ್ದೇಶ.

ಮ್ಯಾನಿಫೋಲ್ಡ್ ಎಂದರೇನು?

ನಮ್ಮ ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿ ಯಾವ ಮನೆಯನ್ನು ಹುಡುಕಬೇಕಾದರೂ ಸೆಕ್ಟರಿನ ನಕ್ಷೆಯೊಂದಿದ್ದರೆ ಸಾಕು. ಕಾಗದದ ಮೇಲಿನ ಆ ನಕ್ಷೆ ಚಪ್ಪಟೆ. ನಡೆದಾಡುವ ನಮಗೂ ನೆಲ ಚಪ್ಪಟೆಯಾಗಿಯೇ ತೋರುತ್ತದೆ. ಆದರೆ ಕೈಲಾಸಗಿರಿಯ ಮೇಲೆ ನಿಂತು ಕಡಲಿನತ್ತ ನೋಡಿದರೆ, ದೂರ ಸಾಗುವ ಹಡಗಿನ ಒಡಲು ಮೊದಲು ಮರೆಯಾಗಿ ಅದರ ಮೇಲ್ಭಾಗ ಬಳಿಕ ಮರೆಯಾಗುತ್ತದೆ. ನೆಲ ಬಾಗಿದೆಯೆಂಬುದಕ್ಕೆ ಅದೇ ಸಾಕ್ಷಿ. ಭೂಮಿಯ ಮೈಯಿಂದ ಚಿಕ್ಕ ತುಂಡೊಂದನ್ನು ತೆಗೆದುಕೊಂಡರೆ ಅದು ಚಪ್ಪಟೆ ನಕ್ಷೆಗೆ ಹೊಂದುತ್ತದೆ. ಇಡಿಯಾಗಿ ತೆಗೆದುಕೊಂಡರೆ ಅದು ಗೋಳ. ಹೀಗೆ ಹತ್ತಿರದಿಂದ ನೋಡಿದಾಗ ಸಾಧಾರಣ ಚಪ್ಪಟೆ ಅವಕಾಶದಂತೆ ಕಾಣುವ, ಒಟ್ಟಾರೆಯಾಗಿ ಬೇರೆಯೇ ರೂಪವನ್ನು ತಳೆದಿರಬಹುದಾದ ಆಕಾರವೇ ಮ್ಯಾನಿಫೋಲ್ಡ್. ಈ ಕಲ್ಪನೆಯನ್ನು ಜರ್ಮನಿಯ ಬರ್ನ್‌ಹಾರ್ಡ್ ರೀಮನ್ 1854ರಲ್ಲಿ ಗಾಟಿಂಗನ್ ನಗರದಲ್ಲಿ ನೀಡಿದ ಉಪನ್ಯಾಸದಲ್ಲಿ ಮಂಡಿಸಿದರು.

ಒಂದು ಬಿಂದುವಿನ ಸ್ಥಾನವನ್ನು ಹೇಳಲು ಎಷ್ಟು ಸಂಖ್ಯೆಗಳು ಬೇಕೋ ಅಷ್ಟು ಅದರ ಆಯಾಮ. ನೆಲದ ಮೇಲಿನ ಸ್ಥಾನಕ್ಕೆ ಎರಡು ಸಂಖ್ಯೆಗಳು ಸಾಕು. ಅದಕ್ಕಿಂತ ಹೆಚ್ಚಿನ ಆಯಾಮವೆಂದರೆ ಮಾಯಾಲೋಕವೇನೂ ಅಲ್ಲ. ನಾವು ಬ್ಯಾಂಕಿನವರು ಒಂದು ಸಾಲದ ಖಾತೆಯನ್ನು ಅಸಲು, ಬಡ್ಡಿಯ ದರ, ಅವಧಿ, ಉಳಿದ ಬಾಕಿ ಎಂಬ ನಾಲ್ಕು ಸಂಖ್ಯೆಗಳಿಂದ ಬರೆದಿಡುತ್ತೇವೆ. ಅಂತಹ ಪ್ರತಿಯೊಂದು ಖಾತೆಯೂ ನಾಲ್ಕು ಆಯಾಮಗಳ ಅವಕಾಶದಲ್ಲಿ ಒಂದು ಬಿಂದು. ಕಣ್ಣಿಗೆ ಕಾಣದಿದ್ದರೂ ಲೆಕ್ಕಕ್ಕೆ ಸಿಗುವ ಅವಕಾಶವದು.

ವರ್ಗೀಕರಣದ ಅರ್ಥ

ಕೋಡುಬಳೆ ಮತ್ತು ಉದ್ದಿನ ವಡೆ ರುಚಿಯಲ್ಲಿ ಬೇರೆ, ಗಾತ್ರದಲ್ಲಿ ಬೇರೆ. ಆದರೂ ಎರಡಕ್ಕೂ ನಡುವೆ ಒಂದೇ ತೂತು. ಹಿಟ್ಟು ಮೃದುವಾಗಿರುವಾಗ ಹರಿಯದೆ, ಅಂಟಿಸದೆ ಒಂದನ್ನು ಇನ್ನೊಂದರ ರೂಪಕ್ಕೆ ತಿದ್ದಬಹುದು. ರವೆಯ ಉಂಡೆಯನ್ನು ಮಾತ್ರ ತೂತು ಕೊರೆಯದೆ ಕೋಡುಬಳೆಯಾಗಿಸಲಾಗದು. ಇಂತಹ ಹೋಲಿಕೆಯನ್ನು ಅಭ್ಯಸಿಸುವ ಶಾಸ್ತ್ರ ಟೊಪಾಲಜಿ.

ವರ್ಗೀಕರಣವೆಂದರೆ ಎರಡು ಕೆಲಸಗಳು. ಮೊದಲನೆಯದು, ರೂಪ ಬದಲಾದರೂ ತಾನು ಬದಲಾಗದ ಗುರುತುಗಳನ್ನು ಕಂಡುಹಿಡಿಯುವುದು. ಎರಡನೆಯದು, ಆ ಗುರುತುಗಳು ಒಂದೇ ಆಗಿದ್ದರೆ ಆಕಾರಗಳೂ ಒಂದೇ ಎಂದು ಸಾಧಿಸಿ, ಎಲ್ಲ ಆಕಾರಗಳ ಪಟ್ಟಿಯನ್ನು ಸಿದ್ಧಪಡಿಸುವುದು. ಗಿರಾಕಿಯು ಯಾವ ಉಡುಪಿನಲ್ಲಿ ಬಂದರೂ ಸಹಿಯಿಂದ ಅವನನ್ನು ಗುರುತಿಸುವಂತೆಯೇ ಇದು. ಮೇಲ್ಮೈಗಳ ಮಟ್ಟಿಗೆ ಇಂತಹ ಗುರುತೊಂದು ಹದಿನೆಂಟನೆಯ ಶತಮಾನದಲ್ಲಿಯೇ ಆಯ್ಲರ್ ಅವರಿಗೆ ದೊರಕಿತ್ತು. ಮೇಲ್ಮೈಯನ್ನು ತ್ರಿಕೋನಗಳಾಗಿ ಕತ್ತರಿಸಿ, ಮೂಲೆಗಳ ಸಂಖ್ಯೆಯಿಂದ ಅಂಚುಗಳ ಸಂಖ್ಯೆಯನ್ನು ಕಳೆದು, ಮುಖಗಳ ಸಂಖ್ಯೆಯನ್ನು ಕೂಡಿಸಬೇಕು. ಗೋಳಕ್ಕೆ ಉತ್ತರ ಯಾವಾಗಲೂ 2. ಕೋಡುಬಳೆಗೆ ಯಾವಾಗಲೂ 0. ಎರಡು ತೂತುಗಳ ಆಕಾರಕ್ಕೆ ಋಣ 2. ಎರಡು ಆಯಾಮಗಳ, ಎರಡು ಬದಿಗಳುಳ್ಳ, ಅಂಚಿಲ್ಲದ ಮುಚ್ಚಿದ ಮೇಲ್ಮೈಗಳಿಗೆ ತೂತುಗಳ ಸಂಖ್ಯೆಯೊಂದೇ ಪೂರ್ಣ ಗುರುತು. ಹತ್ತೊಂಬತ್ತನೆಯ ಶತಮಾನದಲ್ಲಿ ಆರಂಭವಾದ ಈ ಕೆಲಸ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಸಂಪೂರ್ಣವಾಯಿತು.

ಆಯಾಮ ಏರಿದಂತೆ

ಎರಡು ಆಯಾಮಗಳಲ್ಲಿ ಇಷ್ಟು ಸುಲಭವಾದದ್ದು ಮುಂದೆ ಕಠಿಣವಾಯಿತು. ಫ್ರಾನ್ಸಿನ ಆನ್ರಿ ಪಾಂಕರೆ 1904ರಲ್ಲಿ ಒಂದು ಪ್ರಶ್ನೆಯನ್ನು ಎತ್ತಿದರು. ಮೂರು ಆಯಾಮಗಳ ಮುಚ್ಚಿದ ಆಕಾರವೊಂದರಲ್ಲಿ ಎಲ್ಲಿ ಹಗ್ಗದ ಕುಣಿಕೆಯನ್ನು ಹಾಕಿದರೂ ಅದನ್ನು ಒಂದು ಬಿಂದುವಿಗೆ ಎಳೆದುಕೊಳ್ಳಬಹುದಾದರೆ, ಆ ಆಕಾರ ಗೋಳವೇ ಆಗಿರಬೇಕೇ? ಸೋಜಿಗವೆಂದರೆ ಉತ್ತರ ಮೊದಲು ದೊರೆತದ್ದು ಮೇಲಿನ ಆಯಾಮಗಳಲ್ಲಿ. ಐದು ಮತ್ತು ಅದಕ್ಕಿಂತ ಹೆಚ್ಚಿನ ಆಯಾಮಗಳಲ್ಲಿ ಅದಕ್ಕೆ ಸಾಟಿಯಾದ ಪ್ರಶ್ನೆಗೆ ಸ್ಟೀಫನ್ ಸ್ಮೇಲ್ 1961ರಲ್ಲಿಯೂ, ನಾಲ್ಕು ಆಯಾಮಗಳಲ್ಲಿ ಮೈಕೇಲ್ ಫ್ರೀಡ್‌ಮನ್ 1982ರಲ್ಲಿಯೂ, ಮೂರು ಆಯಾಮಗಳಲ್ಲಿ ರಷ್ಯದ ಗ್ರಿಗೋರಿ ಪೆರೆಲ್ಮನ್ 2002–03ರಲ್ಲಿಯೂ 'ಹೌದು' ಎಂದು ಸಾಧಿಸಿದರು. ಪೆರೆಲ್ಮನ್ 2006ರಲ್ಲಿ ಫೀಲ್ಡ್ಸ್ ಪದಕವನ್ನೂ 2010ರಲ್ಲಿ ಹತ್ತು ಲಕ್ಷ ಡಾಲರ್ ಬಹುಮಾನವನ್ನೂ ನಿರಾಕರಿಸಿದ ಸುದ್ದಿ ಪತ್ರಿಕೆಗಳಲ್ಲಿ ಬಂದುದು ಓದುಗರಿಗೆ ನೆನಪಿರಬಹುದು.

ಮೇಲಿನ ಆಯಾಮಗಳಲ್ಲಿ ಕೆಲಸ ಹಗುರವಾಗಲು ಕಾರಣ, ಅಲ್ಲಿ ಜಾಗ ಹೆಚ್ಚು. ಕಿರಿದಾದ ಗಲ್ಲಿಯಲ್ಲಿ ಎದುರುಬದುರಾಗಿ ಸಿಕ್ಕಿಕೊಳ್ಳುವ ಎರಡು ಬಂಡಿಗಳು ಮೈದಾನದಲ್ಲಿ ಪಕ್ಕಕ್ಕೆ ಸರಿದು ಹೋಗುವಂತೆ, ಐದಕ್ಕೆ ಮೇಲ್ಪಟ್ಟ ಆಯಾಮಗಳಲ್ಲಿ ಆಕಾರದ ತುಂಡುಗಳನ್ನು ಒಂದಕ್ಕೊಂದು ತಾಗದಂತೆ ಸರಿಸಬಹುದು.

ಆದರೆ ಜಾಗ ಹೆಚ್ಚಿದೆಡೆ ಅಚ್ಚರಿಗಳೂ ಹೆಚ್ಚು. ಏಳು ಆಯಾಮಗಳ ಗೋಳಕ್ಕೆ ಟೊಪಾಲಜಿಯ ದೃಷ್ಟಿಯಲ್ಲಿ ಸಮಾನವಾಗಿದ್ದರೂ, ನಯವಾದ ಕಲನಶಾಸ್ತ್ರದ ದೃಷ್ಟಿಯಲ್ಲಿ ಭಿನ್ನವಾದ ಆಕಾರಗಳಿವೆಯೆಂದು ಜಾನ್ ಮಿಲ್ನರ್ 1956ರಲ್ಲಿ ತೋರಿಸಿದರು. 1963ರಲ್ಲಿ ಕೆರ್ವೇರ್ ಮತ್ತು ಮಿಲ್ನರ್ ಎಣಿಸಿದಾಗ, ದಿಕ್ಕನ್ನೂ ಗಣಿಸಿದರೆ, ಏಳು ಆಯಾಮಗಳಲ್ಲಿ ಒಟ್ಟು 28 ಬಗೆಯ ಗೋಳಗಳು ಕಂಡುಬಂದವು.

ಇದಕ್ಕಿಂತ ಗಂಭೀರವಾದುದು 1958ರ ಫಲಿತಾಂಶ. ನಾಲ್ಕು ಮತ್ತು ಅದಕ್ಕಿಂತ ಹೆಚ್ಚಿನ ಆಯಾಮಗಳ ಯಾವುದೇ ಎರಡು ಮ್ಯಾನಿಫೋಲ್ಡುಗಳನ್ನು ಕೊಟ್ಟರೆ ಅವು ಒಂದೇ ಹೌದೋ ಅಲ್ಲವೋ ಎಂದು ತೀರ್ಮಾನಿಸುವ ಸಾರ್ವತ್ರಿಕ ಲೆಕ್ಕಾಚಾರದ ವಿಧಾನ ಇರಲು ಸಾಧ್ಯವೇ ಇಲ್ಲವೆಂದು ರಷ್ಯದ ಆಂಡ್ರೇ ಮಾರ್ಕೋವ್ ಸಾಧಿಸಿದರು. ಇದು ಇನ್ನೂ ಯಾರಿಗೂ ಹೊಳೆದಿಲ್ಲವೆಂಬ ಮಾತಲ್ಲ; ಎಷ್ಟೇ ಬಲಶಾಲಿಯಾದ ಗಣಕಯಂತ್ರ ಬಂದರೂ ಆಗದೆಂಬ ಮಾತು. ಆದುದರಿಂದ ವರ್ಗೀಕರಣ ಮಾಡುವವನು ಮೊದಲು ತನ್ನ ಹೊಲಕ್ಕೆ ಬೇಲಿ ಹಾಕಿಕೊಳ್ಳಬೇಕು. ಎಲ್ಲ ಕುಣಿಕೆಗಳೂ ಬಿಂದುವಿಗೆ ಕುಗ್ಗುವಂತಹ ಐದು ಆಯಾಮಗಳ ಮುಚ್ಚಿದ ಆಕಾರಗಳಿಗೆ ಬೇಲಿ ಹಾಕಿಕೊಂಡ ಸ್ಮೇಲ್ ಮತ್ತು ಡೆನಿಸ್ ಬಾರ್ಡನ್ 1960ರ ದಶಕದಲ್ಲಿ ಪೂರ್ಣ ಪಟ್ಟಿಯನ್ನೇ ಕೊಟ್ಟರು.

ಸಮೀಕರಣಗಳ ಆಕಾರಗಳು

ಅಂತಹ ಬೇಲಿಗಳಲ್ಲಿ ಅತ್ಯಂತ ಫಲವತ್ತಾದುದು ಬೀಜಗಣಿತೀಯ ಜ್ಯಾಮಿತಿ. ಇಲ್ಲಿ ಬಹುಪದೀಯ ಸಮೀಕರಣಗಳಿಂದ ಹುಟ್ಟುವ ಆಕಾರಗಳನ್ನು ಮಾತ್ರ ಪರಿಗಣಿಸಲಾಗುತ್ತದೆ. ಶಾಲೆಯಲ್ಲಿ ಕಲಿತ ವೃತ್ತದ ಸಮೀಕರಣ ಅದಕ್ಕೆ ಸರಳ ನಿದರ್ಶನ. ಗಣಿತಜ್ಞರು ಇಲ್ಲಿ ಸಂಮಿಶ್ರ ಸಂಖ್ಯೆಗಳನ್ನು ಬಳಸುವುದರಿಂದ ಆಯಾಮ ಇಮ್ಮಡಿಯಾಗುತ್ತದೆ: ಅವರು 'ವಕ್ರರೇಖೆ' ಎನ್ನುವುದು ನಮ್ಮ ಎಣಿಕೆಗೆ ಎರಡು ಆಯಾಮಗಳ ಮೇಲ್ಮೈ, ಅವರ 'ಮೇಲ್ಮೈ' ನಮಗೆ ನಾಲ್ಕು ಆಯಾಮಗಳ ವಸ್ತು, ಅವರ ಮೂರು ನಮಗೆ ಆರು.

ಸಮೀಕರಣದ ಘಾತವನ್ನು ನೋಡಿಯೇ ತೂತುಗಳನ್ನು ಎಣಿಸಬಹುದು. ಸಮತಲದಲ್ಲಿನ ನಯವಾದ ವಕ್ರರೇಖೆಯ ಘಾತ ಒಂದು ಅಥವಾ ಎರಡಾದರೆ ಗೋಳ. ಮೂರಾದರೆ ಒಂದು ತೂತಿನ ಕೋಡುಬಳೆ. ನಾಲ್ಕಾದರೆ ಮೂರು ತೂತುಗಳು. ಈ ತೂತುಗಳ ಸಂಖ್ಯೆ ಕೇವಲ ಆಕಾರದ ವಿಷಯವಲ್ಲ, ಅಂಕಗಣಿತದ ಭವಿಷ್ಯವೂ ಹೌದು. ಭಿನ್ನರಾಶಿ ಸಂಖ್ಯೆಗಳೇ ಗುಣಕಗಳಾಗಿರುವ ಸಮೀಕರಣದ ಆಕಾರಕ್ಕೆ ಎರಡು ಅಥವಾ ಹೆಚ್ಚು ತೂತುಗಳಿದ್ದರೆ, ಭಿನ್ನರಾಶಿಗಳಲ್ಲಿ ಅದಕ್ಕೆ ದೊರೆಯುವ ಉತ್ತರಗಳು ಮಿತವಾದ ಸಂಖ್ಯೆಯಲ್ಲಿ ಮಾತ್ರ ಇರುತ್ತವೆ. 1922ರಲ್ಲಿ ಮಾರ್ಡೆಲ್ ಊಹಿಸಿದ ಇದನ್ನು 1983ರಲ್ಲಿ ಗೆರ್ಡ್ ಫಾಲ್ಟಿಂಗ್ಸ್ ಸಾಧಿಸಿದರು. ಆಕಾರವನ್ನು ವಿಂಗಡಿಸಿದವನಿಗೆ ಸಂಖ್ಯೆಗಳ ಗುಟ್ಟೂ ದೊರೆಯಿತು.

ಬೀಜಗಣಿತೀಯ ಮೇಲ್ಮೈಗಳ ವರ್ಗೀಕರಣವನ್ನು ಇಟಲಿಯ ಕ್ಯಾಸ್ಟೆಲ್ನುವೋವೋ ಮತ್ತು ಎನ್ರಿಕ್ವೆಸ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೈಗೊಂಡರು. ಜಪಾನಿನ ಕುನಿಹಿಕೊ ಕೊಡೈರಾ 1960ರ ದಶಕದಲ್ಲಿ ಅದನ್ನು ಭದ್ರವಾದ ತಳಹದಿಯ ಮೇಲೆ ನಿಲ್ಲಿಸಿದರು. ಅಲ್ಲಿನ ವಿಧಾನ ಹೀಗಿದೆ: ಮೊದಲು ಆಕಾರದಲ್ಲಿರುವ ಅನಗತ್ಯ ಉಬ್ಬುಗಳನ್ನು ಒತ್ತಿ ತೆಗೆದು ಅದನ್ನು ಅತಿ ಸರಳ ರೂಪಕ್ಕೆ ತರಬೇಕು; ಬಳಿಕ 'ಕೊಡೈರಾ ಆಯಾಮ' ಎಂಬ ಗುರುತಿನಿಂದ ನಾಲ್ಕು ಗುಂಪುಗಳಲ್ಲಿ ಒಂದಕ್ಕೆ ಸೇರಿಸಬೇಕು. ಮೂರು ಆಯಾಮಗಳಿಗೆ ಇದೇ ಕ್ರಮವನ್ನು ವಿಸ್ತರಿಸಿದ ಶಿಗೆಫುಮಿ ಮೋರಿ ಅವರಿಗೆ 1990ರಲ್ಲಿ ಫೀಲ್ಡ್ಸ್ ಪದಕ ದೊರಕಿತು. ಬಿರ್ಕಾರ್, ಕ್ಯಾಸ್ಕಿನಿ, ಹೇಕನ್, ಮೆಕರ್ನನ್ ಎಂಬ ನಾಲ್ವರು 2006ರಲ್ಲಿ ಹೊರತಂದು 2010ರಲ್ಲಿ ಪ್ರಕಟವಾದ ಪ್ರಬಂಧ ಎಲ್ಲ ಆಯಾಮಗಳಲ್ಲಿ ಬಹುದೂರದ ಹಾದಿಯನ್ನು ಕ್ರಮಿಸಿತು. ಇರಾನಿನ ಕುರ್ದಿ ಕುಟುಂಬದಲ್ಲಿ ಹುಟ್ಟಿ ಬ್ರಿಟನ್ನಿನಲ್ಲಿ ಆಶ್ರಯ ಪಡೆದ ಬಿರ್ಕಾರ್ ಅವರಿಗೆ 2018ರಲ್ಲಿ ಫೀಲ್ಡ್ಸ್ ಪದಕ ಸಂದಿತು.

ಸಿ. ಪಿ. ರಾಮಾನುಜಂ

ಈ ಹಾದಿಯಲ್ಲಿ ರಾಮಾನುಜಂ ಅವರ ಪಾತ್ರವೇನು? ಅವರು 1938ರ ಜನವರಿ 9ರಂದು ಮದರಾಸಿನಲ್ಲಿ ಜನಿಸಿದರು. ಅಲ್ಲಿನ ಲೊಯೋಲ ಕಾಲೇಜಿನಲ್ಲಿ ಓದಿ, 1957ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಸೇರಿದರು. ಅಲ್ಲಿಗೆ ಬಂದ ವಿದೇಶಿ ವಿದ್ವಾಂಸರ ಉಪನ್ಯಾಸಗಳನ್ನು ಬರಹಕ್ಕಿಳಿಸುವ ಹೊಣೆ ಅವರದಾಯಿತು. ರಷ್ಯದ ಶಫರೇವಿಚ್ ಮೇಲ್ಮೈಗಳ ಸರಳ ರೂಪಗಳನ್ನು ಕುರಿತು ನೀಡಿದ ಉಪನ್ಯಾಸಗಳು 1966ರಲ್ಲಿ ಅವರ ಟಿಪ್ಪಣಿಗಳ ರೂಪದಲ್ಲಿ ಪ್ರಕಟವಾದವು. ಆ ಲೇಖಕ ಬರಿಯ ಲಿಪಿಕಾರನಾಗಿರಲಿಲ್ಲ. ತಪ್ಪುಗಳನ್ನು ತಿದ್ದಿ, ಬಾಯಿಮಾತಿನಲ್ಲಿ ಹೇಳಿ ಬಿಟ್ಟಿದ್ದ ಪ್ರಮೇಯಗಳಿಗೆ ಸಾಧನೆಯನ್ನೂ ಒದಗಿಸಿದನೆಂಬುದನ್ನು ಸ್ವತಃ ಶಫರೇವಿಚ್ ಒಪ್ಪಿದ್ದಾರೆ. ಡೇವಿಡ್ ಮಮ್‌ಫರ್ಡ್ ಅವರ ಆಬೇಲಿಯನ್ ಆಕಾರಗಳನ್ನು ಕುರಿತ 1970ರ ಪ್ರಸಿದ್ಧ ಗ್ರಂಥದ ಬೆನ್ನಿಗೂ ರಾಮಾನುಜಂ ಅವರ ದುಡಿಮೆಯಿದೆ.

ಆ ಎರಡು ಪ್ರಬಂಧಗಳಲ್ಲಿ ಮೊದಲನೆಯದು 1971ರದು. ಸಂಮಿಶ್ರ ಸಂಖ್ಯೆಗಳ ಸಮತಲವನ್ನು ಅದರ ಆಕಾರದಿಂದಲೇ ಗುರುತಿಸಬಹುದೇ ಎಂಬುದು ಅಲ್ಲಿನ ಪ್ರಶ್ನೆ. ಒಂದು ನಯವಾದ ಬೀಜಗಣಿತೀಯ ಮೇಲ್ಮೈ ತನ್ನೊಳಗೆ ತಾನೇ ಒಂದು ಬಿಂದುವಿಗೆ ಕುಗ್ಗುವಂತಿದ್ದರೆ ಸಾಕೇ? ಸಾಲದು ಎಂದು ರಾಮಾನುಜಂ ತೋರಿಸಿದರು. ಹಾಗೆ ಕುಗ್ಗಿಯೂ ಸಮತಲವಲ್ಲದ ಮೇಲ್ಮೈಯೊಂದನ್ನು ಅವರು ಕಟ್ಟಿ ನಿಲ್ಲಿಸಿದರು. ಅದಕ್ಕೆ ಇಂದು ರಾಮಾನುಜಂ ಮೇಲ್ಮೈ ಎಂದೇ ಹೆಸರು. ಆಕಾರದ ನಡುಭಾಗದಿಂದ ಬಹುದೂರ ಹೋಗಿ ಅಲ್ಲಿ ಹಾಕಿದ ಕುಣಿಕೆಯನ್ನು ನಡುವಿಗೆ ಮರಳಿ ತಾರದೆ ಅಲ್ಲಿಯೇ ಕುಗ್ಗಿಸಬಹುದೇ ಎಂಬುದನ್ನೂ ಪರೀಕ್ಷಿಸಬೇಕು. ಆ ನಿಬಂಧನೆಯೂ ಈಡೇರಿದರೆ ಅದು ಸಮತಲವೇ ಸರಿಯೆಂದು ಅವರು ಸಾಧಿಸಿದರು. ನಡುವೆ ನಿಂತು ನೋಡಿದರೆ ಸಾಲದು, ದಿಗಂತವನ್ನೂ ನೋಡಬೇಕು ಎಂಬುದು ಅದರ ಸಾರ.

ಇಲ್ಲಿಯೇ ಉನ್ನತ ಆಯಾಮಗಳ ವರ್ಗೀಕರಣ ಬೀಜಗಣಿತೀಯ ಜ್ಯಾಮಿತಿಯ ನೆರವಿಗೆ ಬರುತ್ತದೆ. ರಾಮಾನುಜಂ ಮೇಲ್ಮೈಗೆ ಇನ್ನೊಂದು ಸಂಮಿಶ್ರ ಆಯಾಮವನ್ನು ಕೂಡಿಸಿದರೆ ನಮ್ಮ ಎಣಿಕೆಯ ಆರು ಆಯಾಮಗಳ ಆಕಾರ ದೊರೆಯುತ್ತದೆ. ಸ್ಮೇಲ್ ಮೊದಲಾದವರ ಸಿದ್ಧಾಂತವನ್ನು ಅನ್ವಯಿಸಿದರೆ ಅದು ಸಾಧಾರಣ ಆರು ಆಯಾಮಗಳ ಅವಕಾಶಕ್ಕೆ ಸಮಾನ. ಟೊಪಾಲಜಿಯ ಕಣ್ಣಿಗೆ ಎರಡರ ನಡುವೆ ವ್ಯತ್ಯಾಸವೇ ಇಲ್ಲ. ಆದರೆ ಸಮೀಕರಣಗಳ ಕಣ್ಣಿಗೆ ಅವು ಬೇರೆ ಬೇರೆ ಎಂಬುದು ಜಪಾನಿನ ಈಟಾಕಾ ಮತ್ತು ಫುಜಿಟಾ 1977ರಲ್ಲಿ ಸಾಧಿಸಿದ ಪ್ರಮೇಯದಿಂದ ಸಿದ್ಧವಾಯಿತು. ಒಂದೇ ಮೈ, ಎರಡು ಜೀವ! ಸಂಮಿಶ್ರ ಸಂಖ್ಯೆಗಳ ಹೊರಗೆ, ಇದಕ್ಕೆ ಹತ್ತಿರದ ಇನ್ನೊಂದು ಪ್ರಶ್ನೆಯನ್ನು ಬಿಡಿಸಿದವರು ಕೋಲ್ಕತ್ತದ ಭಾರತೀಯ ಸಾಂಖ್ಯಿಕ ಸಂಸ್ಥೆಯ ನೀನಾ ಗುಪ್ತಾ. 2014ರಲ್ಲಿ ಪ್ರಕಟವಾದ ಅವರ ಕೆಲಸಕ್ಕೆ ಸಂದ ಗೌರವಗಳಲ್ಲಿ 2021ರ ರಾಮಾನುಜನ್ ಬಹುಮಾನವೂ ಒಂದು.

ಎರಡನೆಯ ಪ್ರಬಂಧ 1972ರದು, ಕೊಡೈರಾ ಅವರ ಶೂನ್ಯತಾ ಪ್ರಮೇಯವನ್ನು ಕುರಿತದ್ದು. ಇದನ್ನು ಬ್ಯಾಂಕಿನ ಮಾತಿನಲ್ಲಿ ಹೇಳಬಹುದು. ಪ್ರತಿ ಶಾಖೆಯ ಲೆಕ್ಕವೂ ತನ್ನಷ್ಟಕ್ಕೆ ಸರಿಯಾಗಿರುತ್ತದೆ. ಆದರೂ ಎಲ್ಲ ಶಾಖೆಗಳನ್ನು ಸೇರಿಸಿದಾಗ ಶಾಖೆ ಶಾಖೆಗಳ ನಡುವಣ ಬಾಬತ್ತುಗಳು ತಾಳೆಯಾಗದೆ ವ್ಯತ್ಯಾಸ ಉಳಿಯಬಹುದು. ಮ್ಯಾನಿಫೋಲ್ಡಿನ ಚಿಕ್ಕ ತುಂಡುಗಳ ಮೇಲೆ ಬರೆದ ಸೂತ್ರಗಳನ್ನು ಇಡೀ ಆಕಾರದ ಮೇಲೆ ಹೊಂದಿಸುವಾಗಲೂ ಅಂತಹ ಅಡಚಣೆ ಹುಟ್ಟುತ್ತದೆ. ಯಾವ ಸಂದರ್ಭಗಳಲ್ಲಿ ಆ ಅಡಚಣೆ ಸೊನ್ನೆಯೆಂದು ಖಚಿತವಾಗಿ ಹೇಳಬಹುದೆಂಬುದನ್ನು ತಿಳಿಸುವುದೇ ಶೂನ್ಯತಾ ಪ್ರಮೇಯ. ಕೊಡೈರಾ 1953ರಲ್ಲಿ ಬಿಗಿಯಾದ ನಿಬಂಧನೆಯಡಿ ಅದನ್ನು ಸಾಧಿಸಿದ್ದರು. ಮೇಲ್ಮೈಗಳ ವಿಷಯದಲ್ಲಿ ರಾಮಾನುಜಂ ಆ ನಿಬಂಧನೆಯನ್ನು ಸಡಿಲಗೊಳಿಸಿದರು. ಹತ್ತು ವರ್ಷಗಳ ಬಳಿಕ, 1982ರಲ್ಲಿ, ಕವಮಾತ ಮತ್ತು ವೀವೆಗ್ ಅದನ್ನು ಎಲ್ಲ ಆಯಾಮಗಳಿಗೂ ವಿಸ್ತರಿಸಿದರು. ಮೋರಿ ಅವರು ಆರಂಭಿಸಿದ ವರ್ಗೀಕರಣದ ಯೋಜನೆಯಲ್ಲಿ ಈ ಉಪಕರಣವಿಲ್ಲದೆ ಒಂದು ಹೆಜ್ಜೆಯೂ ಮುಂದಿಡಲಾಗದು.

ಆದರೆ ಆ ದಿನವನ್ನು ಕಾಣಲು ರಾಮಾನುಜಂ ಉಳಿದಿರಲಿಲ್ಲ. 1960ರ ದಶಕದ ನಡುವಿನಿಂದಲೇ ಅವರನ್ನು ತೀವ್ರವಾದ ಮಾನಸಿಕ ಕಾಯಿಲೆ ಕಾಡುತ್ತಿತ್ತು. ತಾವು ಈ ವಿದ್ಯೆಗೆ ಸಾಲದವರೆಂಬ ಭಾವನೆ ಅವರನ್ನು ಮತ್ತೆ ಮತ್ತೆ ಹಿಂಡಿತು. ಟಾಟಾ ಸಂಸ್ಥೆ ಅವರ ಪ್ರಾಧ್ಯಾಪಕ ಹುದ್ದೆಯನ್ನು ಉಳಿಸಿ, ಬೆಂಗಳೂರಿನ ತನ್ನ ಹೊಸ ಶಾಖೆಯಲ್ಲಿ ವಾಸವಿದ್ದು ಕೆಲಸ ಮಾಡಲು ಅನುವು ಮಾಡಿಕೊಟ್ಟಿತು. 1973ರಲ್ಲಿ ಅವರು ಭಾರತೀಯ ವಿಜ್ಞಾನ ಅಕಾಡೆಮಿಯ ಫೆಲೋ ಆಗಿ ಆಯ್ಕೆಯಾದರು. 1974ರ ಅಕ್ಟೋಬರ್ 27ರಂದು ಬೆಂಗಳೂರಿನಲ್ಲಿ ತಮ್ಮ ಪ್ರಾಣವನ್ನು ತಾವೇ ನೀಗಿಕೊಂಡರು. ಅವರು ಕೆಲಕಾಲ ಕಳೆದ ಇಟಲಿಯ ಜಿನೋವಾ ನಗರದ ಗಣಿತ ಸಂಸ್ಥೆ ತನ್ನ ಸಭಾಂಗಣವೊಂದಕ್ಕೆ ಅವರ ಹೆಸರನ್ನಿಟ್ಟು ಗೌರವಿಸಿತು. ಮೇಧಾವಿಗಳಿಗೆ ಮನೋರೋಗ ಸಹಜವೆಂಬ ಮಾತು ನಮ್ಮಲ್ಲಿ ಕೇಳಿಬರುತ್ತದೆ. ನಾವು ಅದನ್ನು ಒಪ್ಪುವುದಿಲ್ಲ. ಅವರ ಪ್ರಮೇಯಗಳು ಕಾಯಿಲೆಯ ಫಲವಲ್ಲ; ಕಾಯಿಲೆಯು ಬಿಟ್ಟುಕೊಟ್ಟ ಬಿಡುವಿನ ಫಲ. ನಮ್ಮ ಮನೆಗಳಲ್ಲಿ ಓದುವ ಮಕ್ಕಳು ಇಂತಹ ಸಂಕಟವನ್ನು ಹೇಳಿಕೊಂಡಾಗ, ಜ್ವರಕ್ಕೆ ವೈದ್ಯರಲ್ಲಿಗೆ ಕರೆದೊಯ್ಯುವಷ್ಟೇ ಸಹಜವಾಗಿ ಕರೆದೊಯ್ಯಬೇಕು.

ನರಸಿಂಹನ್ ಮತ್ತು ಶೇಷಾದ್ರಿ

ಬೆಂಗಳೂರಿನ ನಂಟುಳ್ಳ ಇನ್ನೊಂದು ಹೆಸರು ಎಂ. ಎಸ್. ನರಸಿಂಹನ್. ಇವರೂ ಸಿ. ಎಸ್. ಶೇಷಾದ್ರಿಯವರೂ ಕೂಡಿ 1965ರಲ್ಲಿ ಪ್ರಕಟಿಸಿದ ಪ್ರಮೇಯ ಜಗತ್ಪ್ರಸಿದ್ಧ. ತೂತುಗಳುಳ್ಳ ಮೇಲ್ಮೈಯೊಂದರ ಪ್ರತಿ ಬಿಂದುವಿನ ಮೇಲೂ ಒಂದೊಂದು ಸದಿಶ ಅವಕಾಶವನ್ನು ನಿಲ್ಲಿಸಿ, ಅವನ್ನೆಲ್ಲ ಒಂದು ಕಂತೆಯಾಗಿ ಕಟ್ಟಬಹುದು. ಅಂತಹ ಕಂತೆಗಳಲ್ಲಿ ಸ್ಥಿರವಾದವುಗಳನ್ನು ಬೀಜಗಣಿತದ ಕ್ರಮದಲ್ಲಿ ವಿಂಗಡಿಸಿದರೂ, ಮೇಲ್ಮೈಯ ಮೇಲಿನ ಕುಣಿಕೆಗಳ ಕ್ರಮದಲ್ಲಿ ವಿಂಗಡಿಸಿದರೂ ದೊರೆಯುವ ಪಟ್ಟಿ ಒಂದೇ ಎಂಬುದು ಅದರ ತಾತ್ಪರ್ಯ. ಬ್ರಿಟನ್ನಿನ ಸೈಮನ್ ಡೊನಾಲ್ಡ್‌ಸನ್ 1983ರಲ್ಲಿ ಇದಕ್ಕೆ ಹೊಸ ಸಾಧನೆಯನ್ನು ಕೊಟ್ಟರು. ನಾಲ್ಕು ಆಯಾಮಗಳ ಮ್ಯಾನಿಫೋಲ್ಡುಗಳ ಬಗೆಗಿನ ಅವರ ಆವಿಷ್ಕಾರಗಳೂ ಅದೇ ಕಾಲದವು. 2006ರಲ್ಲಿ ಕಿಂಗ್ ಫೈಸಲ್ ಬಹುಮಾನವನ್ನು ನರಸಿಂಹನ್ ಮತ್ತು ಡೊನಾಲ್ಡ್‌ಸನ್ ಇಬ್ಬರಿಗೂ ಜೊತೆಯಾಗಿ ನೀಡಿದುದು ಉಚಿತವಾಗಿತ್ತು. ನಿವೃತ್ತಿಯ ನಂತರ ಬೆಂಗಳೂರಿನಲ್ಲಿ ನೆಲೆಸಿದ್ದ ನರಸಿಂಹನ್ 2021ರ ಮೇ 15ರಂದು ಅಲ್ಲಿಯೇ ನಿಧನರಾದರು.

ಹೂವಿನಹಡಗಲಿಯಿಂದ ವಿಶಾಖಪಟ್ಟಣಕ್ಕೆ

ನಮ್ಮ ಊರಿಗೂ ಈ ಕಥೆಯಲ್ಲಿ ಪಾಲಿದೆ. 1926ರಲ್ಲಿ ವಿಜಯವಾಡದಲ್ಲಿ ಆರಂಭವಾಗಿ ಬಳಿಕ ಇಲ್ಲಿನ ವಾಲ್ತೇರಿಗೆ ಬಂದ ಆಂಧ್ರ ವಿಶ್ವವಿದ್ಯಾಲಯದಲ್ಲಿ ಗಣಿತದ ಎಂ.ಎ. ಮುಗಿಸಿದ ಸಿ. ಆರ್. ರಾವ್ ಅವರು ಹುಟ್ಟಿದ್ದು 1920ರಲ್ಲಿ, ಇಂದಿನ ಕರ್ನಾಟಕದ ಹೂವಿನಹಡಗಲಿಯಲ್ಲಿ, ತೆಲುಗು ಮನೆಮಾತಿನ ಕುಟುಂಬದಲ್ಲಿ. ಸಂಖ್ಯಾಶಾಸ್ತ್ರಜ್ಞರೆಂದು ಹೆಸರಾದ ಅವರು 1945ರ ಪ್ರಬಂಧವೊಂದರಲ್ಲಿ ಸಂಭಾವ್ಯತೆಯ ಹಂಚಿಕೆಗಳ ಸಮೂಹವನ್ನೇ ಒಂದು ಮ್ಯಾನಿಫೋಲ್ಡ್ ಎಂದು ಭಾವಿಸಿ, ಅದರ ಮೇಲೆ ದೂರವನ್ನು ಅಳೆಯುವ ಬಗೆಯನ್ನು ಸೂಚಿಸಿದರು. ಇಂದು ಮಾಹಿತಿ ಜ್ಯಾಮಿತಿಯೆಂದು ಕರೆಯುವ ಶಾಸ್ತ್ರಕ್ಕೆ ಅದೇ ಬೀಜ. 2023ರಲ್ಲಿ ಅಂತಾರಾಷ್ಟ್ರೀಯ ಸಂಖ್ಯಾಶಾಸ್ತ್ರ ಬಹುಮಾನವನ್ನು ಪಡೆದು, ಅದೇ ವರ್ಷದ ಆಗಸ್ಟಿನಲ್ಲಿ, ನೂರೆರಡು ವರ್ಷಗಳ ತುಂಬು ಬಾಳಿನ ಬಳಿಕ ಅವರು ತೀರಿಕೊಂಡರು.

ಇದರಿಂದ ಪ್ರಯೋಜನವೇನು?

ಈ ಪ್ರಶ್ನೆ ಗೃಹಸ್ಥರಾದ ನಮ್ಮೆಲ್ಲರದೂ ಹೌದು. ಒಂದು ತೂತಿನ ವರ್ಗಕ್ಕೆ ಸೇರಿದ ಎಲಿಪ್ಟಿಕ್ ವಕ್ರರೇಖೆಗಳನ್ನು ಗುಪ್ತಲಿಪಿಗೆ ಬಳಸಬಹುದೆಂದು 1985ರಲ್ಲಿ ಕಾಬ್ಲಿಟ್ಸ್ ಮತ್ತು ಮಿಲ್ಲರ್ ಬೇರೆ ಬೇರೆಯಾಗಿ ಸೂಚಿಸಿದರು. ಅಂತರಜಾಲದಲ್ಲಿ ನಡೆಯುವ ಸಂದೇಶ ಮತ್ತು ಹಣದ ವಿನಿಮಯವನ್ನು ಕಾಯುವ ಕ್ರಮಗಳಲ್ಲಿ ಇಂದು ಅವು ವ್ಯಾಪಕವಾಗಿ ಬಳಕೆಯಲ್ಲಿವೆ. ಈ ವಕ್ರರೇಖೆಯ ಮೇಲೆ ಎರಡು ಬಿಂದುಗಳನ್ನು ಕೂಡಿಸಿ ಮೂರನೆಯದನ್ನು ಪಡೆಯುವ ಸಂಕಲನವಿದೆ. ಹಲವು ಸಲ ಕೂಡಿಸುವುದು ಸುಲಭ, ಎಷ್ಟು ಸಲ ಕೂಡಿಸಿದ್ದೆಂದು ಹಿಂದಕ್ಕೆ ಹುಡುಕುವುದು ಬಲು ಕಷ್ಟ. ಬೀಗದ ಬಲ ಇರುವುದು ಅಲ್ಲಿಯೇ. ಭೌತಶಾಸ್ತ್ರದ ತಂತುಸಿದ್ಧಾಂತದಲ್ಲಿ ಬಳಸುವ ಕಲಾಬಿ–ಯಾವ್ ಆಕಾರಗಳೂ ಆರು ಆಯಾಮಗಳ ಮ್ಯಾನಿಫೋಲ್ಡುಗಳೇ. ಅವು ಒಟ್ಟು ಎಷ್ಟು ಬಗೆಯವೆಂಬುದು ಇನ್ನೂ ತೀರ್ಮಾನವಾಗದ ವರ್ಗೀಕರಣದ ಪ್ರಶ್ನೆ.

ಆದರೆ ಈ ಉಪಯೋಗಗಳನ್ನು ಕಂಡುಕೊಂಡು ಆ ವಿದ್ವಾಂಸರು ದುಡಿದವರಲ್ಲ. ಒಂದು ತೂತಿನ ವಕ್ರರೇಖೆಗಳನ್ನು ಶತಮಾನಕ್ಕೂ ಮಿಕ್ಕಿ ಅಭ್ಯಸಿಸಿದ ಬಳಿಕ ಅವು ಬೀಗವಾದವು. ಕುಟುಂಬದಲ್ಲಿ ಯಾರಾದರೂ ಶುದ್ಧ ಗಣಿತವನ್ನು ಓದುತ್ತೇನೆಂದರೆ ಹಿರಿಯರು ಉದ್ಯೋಗದ ಚಿಂತೆಯಿಂದ ಹಿಂಜರಿಯುವುದು ಸಹಜ. ಅಂತಹ ಮಕ್ಕಳಿಗೆ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ, ಟಾಟಾ ಸಂಸ್ಥೆಯ ಅನ್ವಯಿಕ ಗಣಿತ ಕೇಂದ್ರ, ಸೈದ್ಧಾಂತಿಕ ವಿಜ್ಞಾನಗಳ ಅಂತಾರಾಷ್ಟ್ರೀಯ ಕೇಂದ್ರ ಮತ್ತು ಭಾರತೀಯ ಸಾಂಖ್ಯಿಕ ಸಂಸ್ಥೆಯ ಶಾಖೆ ಇವೆ ಎಂಬುದನ್ನು ಹೆತ್ತವರ ಗಮನಕ್ಕೆ ತರಬಯಸುತ್ತೇವೆ. ಮುಂದಿನ ಬಾರಿ ಮಕ್ಕಳೊಡನೆ ಗಣಿತದ ಮಾತು ಬಂದಾಗ ಕುಂಭಕೋಣದ ರಾಮಾನುಜನ್ ಅವರ ಜೊತೆಗೆ ಬೆಂಗಳೂರಿನ ರಾಮಾನುಜಂ ಅವರ ಹೆಸರನ್ನೂ ಹೇಳೋಣ.